ಜಪಾನಿನಲ್ಲಿ ವೃದ್ಧಶುಶ್ರೂಷೆ

ವೃದ್ಧರಾದ ತಾಯ್ತಂದೆಗಳ ಸೇವೆಯೆಂದೊಡನೆ ಶ್ರವಣಕುಮಾರನ ಕಾವಡಿಯು ಕಣ್ಣಿಗೆ ಕಟ್ಟುವುದು. ಆದರೆ ಕಥೆಯಲ್ಲಿ ಹೊರೆ ಹೊತ್ತವನು ಮಗನು. ಸಂಸಾರದಲ್ಲಿ ಹಾಸಿಗೆ ಹಿಡಿದವರ ಮಲಮೂತ್ರಗಳನ್ನೆತ್ತುವ ಭಾರವು ಬಹುಮಟ್ಟಿಗೆ ಸೊಸೆಯದು. ಜಪಾನಿನಲ್ಲಿಯೂ ಇದೇ ರೀತಿಯಿದ್ದಿತು. 1898ರಲ್ಲಿ ಜಾರಿಗೆ ಬಂದ ಅಲ್ಲಿಯ ಕುಟುಂಬಶಾಸನವು ಮನೆಯ ಯಜಮಾನಿಕೆಯನ್ನು ಸಾಮಾನ್ಯವಾಗಿ ಹಿರಿಯ ಮಗನಿಗೆ ಕೊಟ್ಟಿತು. ಮುಪ್ಪಿನವರ ಆರೈಕೆಯು ಅವನ ಕೈಹಿಡಿದವಳ ಪಾಲಿಗೆ ಬಂದಿತು. ಎರಡನೆಯ ಮಹಾಯುದ್ಧದ ತರುವಾಯ ಆ ಯಜಮಾನಿಕೆಯು ಶಾಸನದಿಂದ ಅಳಿಯಿತಾದರೂ ವಾಡಿಕೆಯು ಅಳಿಯಲಿಲ್ಲ.

ಸಂಬಳದ ಸಹಾಯಕಿಯರನ್ನು ಮನೆಮನೆಗೆ ಕಳುಹುವ ಏರ್ಪಾಡು ಮೊದಲಾದುದು 1956ರಲ್ಲಿ, ಬೆಟ್ಟಗಳ ನಾಡಾದ ನಾಗಾನೊ ಪ್ರಾಂತದಲ್ಲಿ. 1963ರ ವೃದ್ಧಕಲ್ಯಾಣ ಶಾಸನವು ಇದನ್ನು ದೇಶದ ಕಟ್ಟಳೆಯಲ್ಲಿ ಸೇರಿಸಿತು. ಆದರೆ ಈ ಸಹಾಯವು ಕಡುಬಡವರಿಗೆ ಮೀಸಲು. ವರಮಾನ ತೆರಿಗೆ ಕೊಡುವ ಗೃಹಸ್ಥರಿಗೆ ಹಣ ತೆತ್ತಾದರೂ ಇದು ದೊರೆಯುವಂತಾದುದು 1982ರಲ್ಲಿ.

ಅಷ್ಟರಲ್ಲಿ ಜನರ ಮನಸ್ಸನ್ನು ಕಲಕಿದುದು ಒಂದು ಕಾದಂಬರಿ. ಅರಿಯೋಶಿ ಸಾವಾಕೊ ಎಂಬ ಲೇಖಕಿಯು 1972ರಲ್ಲಿ ಪ್ರಕಟಿಸಿದ ‘ಕೋಕೊತ್ಸು ನೊ ಹಿತೊ’ದಲ್ಲಿ, ಸೊಸೆಯನ್ನು ಜೀವಮಾನವೆಲ್ಲ ಕಾಡಿದ ಮಾವನು ಮರೆವಿನ ರೋಗಕ್ಕೆ ಸಿಕ್ಕುತ್ತಾನೆ. ಹೆತ್ತ ಮಗನ ಗುರುತು ಅವನಿಗೆ ತಪ್ಪುತ್ತದೆ. ಸೊಸೆಯ ಗುರುತು ಮಾತ್ರ ಉಳಿಯುತ್ತದೆ. ಹೊರಗೆ ಉದ್ಯೋಗವಿದ್ದ ಆ ಸೊಸೆಯ ಪಾಡು ತಮ್ಮದೇ ಎಂದು ಲಕ್ಷಾಂತರ ಓದುಗರಿಗೆ ತೋರಿತು. 1973ರಲ್ಲಿ ಎಪ್ಪತ್ತು ದಾಟಿದವರಿಗೆ ಉಚಿತ ವೈದ್ಯವು ದೊರೆಯಲಾಗಿ, ಮನೆಯಲ್ಲಿ ನೋಡುವವರಿಲ್ಲದ ಮುದುಕರು ಆಸ್ಪತ್ರೆಗಳಲ್ಲಿಯೇ ತಿಂಗಳುಗಟ್ಟಲೆ ಉಳಿದರು. 1978ರ ಸರ್ಕಾರಿ ವರದಿಯಾದರೋ, ವೃದ್ಧರು ಮಕ್ಕಳೊಡನೆ ವಾಸಿಸುವುದನ್ನು ದೇಶದ ಕಲ್ಯಾಣಕ್ಕೆ ಒದಗುವ ಆಸ್ತಿಯೆಂದು ಎಣಿಸಿತು. ಆ ಆಸ್ತಿಯು ಯಾರ ಬೆನ್ನಮೇಲಿದ್ದಿತೆಂಬುದು ಹೆಂಗಸರಿಗೆ ತಿಳಿಯದ ಸಂಗತಿಯಲ್ಲ. ಹಿಗುಚಿ ಕೇಕೊ ಮೊದಲಾದವರು 1983ರಲ್ಲಿ ಸಂಘ ಕಟ್ಟಿ ಈ ಮಾತನ್ನು ಬಹಿರಂಗವಾಗಿ ಎತ್ತಿದರು.

1989ರಲ್ಲಿ ಸರ್ಕಾರವು ಹತ್ತು ವರ್ಷಗಳೊಳಗೆ 1,00,000 ಗೃಹಸಹಾಯಕರನ್ನು ಒದಗಿಸುವ ಸಂಕಲ್ಪವನ್ನು ಮಾಡಿತು. 1997ರ ಡಿಸೆಂಬರಿನಲ್ಲಿ ಶುಶ್ರೂಷಾ ವಿಮೆಯ ಶಾಸನವು ಅಂಗೀಕೃತವಾಗಿ, 2000ದ ಏಪ್ರಿಲ್ 1ರಿಂದ ನಡೆಗೆ ಬಂದಿತು. ನಲವತ್ತು ತುಂಬಿದವರೆಲ್ಲರೂ ಕಂತು ಕಟ್ಟತಕ್ಕದ್ದು. ಸೇವೆ ಪಡೆದವರು ವೆಚ್ಚದ ಹತ್ತನೆಯ ಒಂದು ಪಾಲನ್ನು ತೆರತಕ್ಕದ್ದು. ಸ್ಥಿತಿವಂತರ ಪಾಲು ಮುಂದೆ ಹೆಚ್ಚಿತು. ಜರ್ಮನಿಯು 1995ರಲ್ಲಿ ಇಂತಹ ವಿಮೆಯನ್ನೇರ್ಪಡಿಸಿದಾಗ, ಮನೆಯವರೇ ಆರೈಕೆ ಮಾಡುವುದಾದರೆ ನಗದು ಹಣವನ್ನು ಕೊಡುವ ಅನುಕೂಲವನ್ನಿಟ್ಟಿತ್ತು. ಜಪಾನಿನ ಮಹಿಳಾಸಂಘಗಳು ಇದನ್ನು ಬಲವಾಗಿ ವಿರೋಧಿಸಿದುವು: ಹಣ ಮನೆಗೆ ಬಂದರೆ ಸೊಸೆಯು ಹಾಸಿಗೆಯ ಬಳಿಯಿಂದ ಏಳುವಂತೆಯೇ ಇಲ್ಲ! ಅವರ ವಾದವೇ ಗೆದ್ದಿತು.

ಸಹಾಯಕಿಯನ್ನು ಗೊತ್ತುಮಾಡುವ ಮುನ್ನ ಅಲ್ಲಿ ಪರೀಕ್ಷೆಯಾಗುವುದು ಅವಳಿಗಲ್ಲ, ವೃದ್ಧರಿಗೆ. ಪುರಸಭೆಯಿಂದ ಬಂದವರು ಎಪ್ಪತ್ತಕ್ಕೂ ಮಿಕ್ಕ ವಿಷಯಗಳನ್ನು ವಿಚಾರಿಸುವರು: ತಾನಾಗಿ ಏಳಬಲ್ಲರೆ? ನುಂಗಬಲ್ಲರೆ? ತಮ್ಮ ಹೆಸರನ್ನು ಹೇಳಬಲ್ಲರೆ? ಅದರ ಮೇಲೆ ಶುಶ್ರೂಷೆಯ ದರ್ಜೆಯು ನಿರ್ಣಯವಾಗುವುದು. ಆದರೆ ಮಾನವಂತರಾದ ಮುದುಕರು ಪರಕೀಯರೆದುರಿನಲ್ಲಿ ನೆಟ್ಟಗೆ ಕುಳಿತು, ಎಲ್ಲವೂ ತಮ್ಮಿಂದಾಗುವುದೆಂದು ನುಡಿದುಬಿಡುವುದುಂಟು. ಎದುರಿಗೆ ಅಲ್ಲವೆನ್ನುವ ಧೈರ್ಯ ಸೊಸೆಗೆ ಹೇಗೆ ಬರಬೇಕು? ಅದಕ್ಕಾಗಿ, ದಿನದಿನದ ಕಷ್ಟಗಳನ್ನು ಮೊದಲೇ ಬರೆದಿಟ್ಟುಕೊಂಡು, ಬಂದವರು ಹೊರಡುವಾಗ ಹೊಸ್ತಿಲಾಚೆಯಲ್ಲಿ ಆ ಕಾಗದವನ್ನು ಅವರ ಕೈಗಿಡಬೇಕೆಂದು ಬಲ್ಲವರು ಮನೆಯವರಿಗೆ ಹೇಳಿಕೊಡುತ್ತಾರೆ.