ಹಸಿರು ವಾಂತಿಯ ಹಿಂದಿನ ಚರಿತ್ರೆ

ಚಿಮ್ಮನಚೋಡದಂಥ ನಮ್ಮ ಊರುಗಳಲ್ಲಿ ಹಸುಗೂಸಿನ ಹೊಟ್ಟೆ ಉಬ್ಬಿದರೆ ಹಿರಿಯರಿಗೆ ಮೊದಲು ನೆನಪಾಗುತ್ತಿದ್ದುದು ಹರಳೆಣ್ಣೆ, ಬಜೆ. ಅದಕ್ಕೂ ಬಗ್ಗದಿದ್ದರೆ ಬರೆ. ಕಾಸಿದ ಸೂಜಿ ಕೂಸಿನ ಹೊಟ್ಟೆಗೆ ತಾಗುತ್ತಿತ್ತು. ಇದನ್ನು ಬರೀ ಕ್ರೌರ್ಯ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕರುಳು ಕಟ್ಟಿದ ಕೂಸನ್ನು ಉಳಿಸುವ ದಾರಿ ಆಗ ಯುರೋಪಿನ ದೊಡ್ಡ ಆಸ್ಪತ್ರೆಗಳಿಗೂ ಸರಿಯಾಗಿ ತಿಳಿದಿರಲಿಲ್ಲ.

ಹುಟ್ಟಿನಿಂದಲೇ ಮುಚ್ಚಿದ್ದ ಸಣ್ಣಕರುಳನ್ನು ಜೋಡಿಸಿ ಕೂಸನ್ನು ಮೊದಲು ಉಳಿಸಿಕೊಂಡವರು ರಾಟರ್‌ಡ್ಯಾಮಿನ ಫಾಕೆನ್ಸ್, 1911ರಲ್ಲಿ. ಆಮೇಲೂ ನಾಲ್ಕು ದಶಕ ಬಹುಪಾಲು ಕೂಸುಗಳು ಸಾಯುತ್ತಲೇ ಇದ್ದವು. ಜೋಡಣೆ ಚೆನ್ನಾಗಿಯೇ ಇರುತ್ತಿತ್ತು, ಕರುಳು ಮಾತ್ರ ಅಲುಗುತ್ತಿರಲಿಲ್ಲ.

ಕ್ರಿಶ್ಚಿಯನ್ ಬರ್ನಾರ್ಡ್ ಎಂದರೆ ನಮಗೆ ನೆನಪಾಗುವುದು 1967ರ ಹೃದಯ ಕಸಿ. ಅದಕ್ಕೂ ಮುಂಚೆ ಅವರು ಕೇಪ್‌ಟೌನಿನಲ್ಲಿ ಜಾನಿ ಲೋ ಅವರ ಜೊತೆ ಈ ಒಗಟಿನ ಬೆನ್ನುಹತ್ತಿದ್ದರು. ಗಬ್ಬದ ನಾಯಿಯ ಹೊಟ್ಟೆಯೊಳಗಿನ ಮರಿಯ ಕರುಳಿಗೆ ಹೋಗುವ ರಕ್ತನಾಳವನ್ನು ಕಟ್ಟಿ, ಮರಿಯನ್ನು ಮತ್ತೆ ಗರ್ಭದಲ್ಲೇ ಬಿಟ್ಟರು. ಹಲವು ಸಲ ಸೋತರು. ಕೊನೆಗೆ ಹುಟ್ಟಿದ ಮರಿಗಳಲ್ಲಿ ಮನುಷ್ಯರ ಕೂಸುಗಳಲ್ಲಿ ಕಾಣುವಂಥದೇ ಮುಚ್ಚಿದ ಕರುಳಿತ್ತು. ಇದು 1955ರಲ್ಲಿ 'ಲ್ಯಾನ್ಸೆಟ್'ನಲ್ಲಿ ಅಚ್ಚಾಯಿತು. ಮುಚ್ಚಿದ ಜಾಗದ ಮೇಲಿನ ಉಬ್ಬಿದ ತುದಿಗೆ ರಕ್ತ ಸಾಲುವುದಿಲ್ಲ, ಅದನ್ನು ಕತ್ತರಿಸಿ ತೆಗೆದೇ ಜೋಡಿಸಬೇಕು ಎಂಬುದು ಸ್ಪಷ್ಟವಾಯಿತು. ಅಲ್ಲಿ ಬದುಕುವ ಕೂಸುಗಳ ಸಂಖ್ಯೆ ಏರಿತು.

ಗ್ರಹಣದಲ್ಲಿ ಹೊರಗೆ ಬಂದಳೆಂದು ಬಾಣಂತಿಯನ್ನೇ ದೂರುವ ನಮ್ಮಲ್ಲಿ ಈ ಪ್ರಯೋಗಕ್ಕೆ ಇನ್ನೊಂದು ಅರ್ಥವೂ ಇದೆ. ಗರ್ಭದೊಳಗೆ ರಕ್ತ ನಿಂತದ್ದು ಒಂದು ಅಪಘಾತ, ಆಕೆಯ ತಪ್ಪಲ್ಲ.

ಎಲ್ಲ ಕಟ್ಟೂ ಒಂದೇ ಬಗೆಯದಲ್ಲ. ದೊಡ್ಡಕರುಳಿನ ಕೊನೆಯಲ್ಲಿ ನರಕೋಶಗಳೇ ಇಲ್ಲದ ಹಿರ್ಷ್‌ಸ್ಪ್ರುಂಗ್ ಕಾಯಿಲೆಗೆ ಸ್ವೆನ್ಸನ್ ತಮ್ಮ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದ್ದು 1948ರಲ್ಲಿ. ನಮ್ಮ ಸೀಮೆ ನಿಜಾಮರ ಆಳ್ವಿಕೆಯಿಂದ ಹೊರಬಂದ ವರ್ಷವೂ ಅದೇ. ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಶುರುವಾದದ್ದು 1963ರಲ್ಲಿ. ಕರುಳು ಕೆಲಸಕ್ಕೆ ಬರುವವರೆಗೆ ಕೂಸನ್ನು ರಕ್ತನಾಳದ ಮೂಲಕವೇ ಪೋಷಿಸಬಹುದೆಂದು ಅಮೆರಿಕದ ವೈದ್ಯರು ತೋರಿಸಿದ್ದು 1968ರಲ್ಲಿ.

ಪತ್ತೆಯ ಮೊದಲ ಹೆಜ್ಜೆಗೆ ಮಾತ್ರ ಯಂತ್ರ ಬೇಡ. ಕೂಸು ಹಸಿರು ವಾಂತಿ ಮಾಡಿದರೆ, ಇಲ್ಲವೆಂದು ಖಚಿತವಾಗುವವರೆಗೆ ಅದನ್ನು ಕರುಳಿನ ಕಟ್ಟು ಎಂದೇ ಎಣಿಸಬೇಕು. ಮೊದಲ ದಿನ ಕಪ್ಪು ಮಲ ಬಾರದಿದ್ದರೂ ಅನುಮಾನಿಸಬೇಕು. ಎಕ್ಸ್‌ರೇಯಲ್ಲಿ ಎರಡೇ ಗುಳ್ಳೆ ಕಂಡರೆ ಕಟ್ಟು ಜಠರದ ಪಕ್ಕದಲ್ಲೇ ಇದೆ. ಹಾಲು ನಿಲ್ಲಿಸಿ, ಹೊಟ್ಟೆ ಖಾಲಿ ಮಾಡಲು ನಳಿಕೆ ಇಳಿಸಿ, ಸಲೈನ್ ಹಚ್ಚಿ, ಬೆಚ್ಚಗೆ ಹೊದಿಸಿ ಶಸ್ತ್ರವೈದ್ಯರಿರುವಲ್ಲಿಗೆ ಕಳಿಸುತ್ತಾರೆ. ಕರುಳು ತಿರುಚಿಕೊಂಡಿದ್ದರೆ ಕೆಲವೇ ಗಂಟೆಗಳಲ್ಲಿ ಕೊಳೆಯತೊಡಗುತ್ತದೆ, ಆಗ ಹೊಟ್ಟೆ ಉಬ್ಬಿಯೇ ಇರಬೇಕೆಂದೂ ಇಲ್ಲ.