ಬಾಡಿಗೆನಾ, ಭೋಗ್ಯನಾ, ಸ್ವಂತ ಮನೆನಾ? ಅಡ್ವಾನ್ಸ್ ಕೊಡೋ ಮುಂಚೆ ಈ ಲೆಕ್ಕ ನೋಡಿ

ತಿಪಟೂರು: ಊರಿನ ಯಾವ ಬಡಾವಣೆಗೆ ಹೋದರೂ ಗೇಟಿಗೆ ಮೂರು ಥರದ ಬೋರ್ಡ್ ಕಾಣುತ್ತವೆ. ಮನೆ ಬಾಡಿಗೆಗೆ ಇದೆ, ಮನೆ ಭೋಗ್ಯಕ್ಕೆ ಇದೆ, ಮನೆ ಮಾರಾಟಕ್ಕಿದೆ. ಮಕ್ಕಳ ಓದಿಗೆ, ಅಂಗಡಿ ವ್ಯಾಪಾರಕ್ಕೆ ಹಳ್ಳಿಯಿಂದ ಬಂದ ಕುಟುಂಬಕ್ಕೆ ಯಾವ ಬೋರ್ಡ್ ಮುಂದೆ ನಿಲ್ಲಬೇಕು ಅನ್ನೋದೇ ದೊಡ್ಡ ಪ್ರಶ್ನೆ. "ಬಾಡಿಗೆ ಕಟ್ಟೋದು ನೀರಲ್ಲಿ ಹೋಮ ಮಾಡಿದಂಗೆ, ಅದೇ ದುಡ್ಡಲ್ಲಿ ಇಎಂಐ ಕಟ್ಟಬಹುದಲ್ಲ" ಅಂತ ನೆಂಟರು ಹೇಳುತ್ತಾರೆ. ಈ ಮಾತು ಕೆಲವರಿಗೆ ಸರಿ, ಎಲ್ಲರಿಗೂ ಸರಿಯಲ್ಲ. ಮೂರರ ಲೆಕ್ಕವೂ ಇಲ್ಲಿದೆ.

ಸ್ವಂತ ಮನೆ: ನಿಜವಾದ ಖರ್ಚು ಎಷ್ಟು?

ಉದಾಹರಣೆಗೆ 28 ಲಕ್ಷದ ಒಂದು ಮನೆ ಇಟ್ಟುಕೊಳ್ಳೋಣ. ಅಂಥದ್ದೇ ಮನೆ ಬಾಡಿಗೆಗೆ 8,000 ರೂಪಾಯಿಗೆ ಸಿಗುತ್ತೆ ಅಂದುಕೊಳ್ಳಿ. ಈ ಎರಡು ಅಂಕಿ ಲೆಕ್ಕಕ್ಕೆ ಮಾತ್ರ, ನಿಮ್ಮ ಬೀದಿಯ ರೇಟ್ ಹಾಕಿ ನೋಡಿಕೊಳ್ಳಿ.

ಮೊದಲ ಖರ್ಚು ರಿಜಿಸ್ಟ್ರೇಷನ್‌ದು. ಮುದ್ರಾಂಕ ಶುಲ್ಕ 5 ಪರ್ಸೆಂಟ್, ಅದರ ಮೇಲಿನ ಸೆಸ್, ಸರ್‌ಚಾರ್ಜ್ ಸೇರಿ ಪಟ್ಟಣದಲ್ಲಿ 5.6 ಆಗುತ್ತೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1 ಪರ್ಸೆಂಟ್ ಇದ್ದದ್ದು 2 ಆಗಿದೆ. ಒಟ್ಟು 7.6 ಪರ್ಸೆಂಟ್. 28 ಲಕ್ಷಕ್ಕೆ 2.13 ಲಕ್ಷ. ಕೊಟ್ಟ ಬೆಲೆ, ಸರ್ಕಾರದ ಮಾರ್ಗಸೂಚಿ ಬೆಲೆ ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಈ ಲೆಕ್ಕ. ಇಷ್ಟು ದೊಡ್ಡ ಬೆಲೆಯ ಮನೆಗೆ ಬ್ಯಾಂಕ್ ಸಾಲ ಲೆಕ್ಕ ಹಾಕುವಾಗ ಈ ಖರ್ಚನ್ನು ಸೇರಿಸಲ್ಲ. ಕೈಯಿಂದಲೇ ಕೊಡಬೇಕು.

20 ಲಕ್ಷ ಸಾಲ ತೆಗೆದರೆ ಉಳಿದ 8 ಲಕ್ಷ ಮತ್ತು ರಿಜಿಸ್ಟ್ರೇಷನ್ ಸೇರಿ ಸುಮಾರು 10 ಲಕ್ಷ ಕೈಲಿರಬೇಕು. 8.5 ಪರ್ಸೆಂಟ್ ಬಡ್ಡಿ, 20 ವರ್ಷ ಅಂದರೆ ಇಎಂಐ 17,356 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 14,167 ಬಡ್ಡಿಗೇ ಹೋಗುತ್ತೆ, ಅಸಲಿಗೆ ಸೇರೋದು 3,190 ಮಾತ್ರ.

ಮೊದಲ ವರ್ಷದಲ್ಲಿ ವಾಪಸ್ ಬಾರದ ದುಡ್ಡು ಎಷ್ಟು ನೋಡಿ:

- ಸಾಲದ ಬಡ್ಡಿ: 1.68 ಲಕ್ಷ
- ಕೈಯಿಂದ ಹಾಕಿದ 10 ಲಕ್ಷ ಎಫ್‌ಡಿಯಲ್ಲಿದ್ದರೆ 6.5 ಪರ್ಸೆಂಟ್‌ನಂತೆ ಬರುತ್ತಿದ್ದ ಬಡ್ಡಿ: 65,000
- ಕಂದಾಯ, ರಿಪೇರಿ: ಅಂದಾಜು 20,000

ಒಟ್ಟು ಎರಡೂವರೆ ಲಕ್ಷ. ಬಾಡಿಗೆ ಮನೆಯಲ್ಲಿದ್ದರೆ ಹೋಗೋದು ವರ್ಷಕ್ಕೆ 96,000. ಒಂದೂವರೆ ಲಕ್ಷದಷ್ಟು ವ್ಯತ್ಯಾಸ ತುಂಬಬೇಕಾದರೆ ಆ ಮನೆ ಬೆಲೆ ವರ್ಷಕ್ಕೆ ಐದೂವರೆ ಪರ್ಸೆಂಟ್‌ಗಿಂತ ಸ್ವಲ್ಪ ಮೇಲೇ ಏರಬೇಕು. ಏರೋದು ಜಾಗದ ಬೆಲೆ, ಕಟ್ಟಡ ವರ್ಷ ವರ್ಷ ಹಳೇದಾಗುತ್ತೆ ಅನ್ನೋದು ನೆನಪಿರಲಿ.

ಹಾಗಂತ ಬಾಡಿಗೆಯೇ ಲಾಭ ಅಂತ ಅಲ್ಲ. ಬಾಡಿಗೆ ನಿಂತಲ್ಲಿ ನಿಲ್ಲಲ್ಲ. ವರ್ಷಕ್ಕೆ 5 ಪರ್ಸೆಂಟ್ ಏರಿದರೂ 8,000 ಇದ್ದದ್ದು 10 ವರ್ಷಕ್ಕೆ 13,000, 16 ವರ್ಷಕ್ಕೆ 17,400 ದಾಟುತ್ತೆ. ಅಂದರೆ ಇಎಂಐಗೆ ಸಮ. ಬ್ಯಾಂಕ್ ಬಡ್ಡಿ ದರ ಹೆಚ್ಚುಕಮ್ಮಿ ಆದರೂ ಇಎಂಐ ಒಂದು ದಿನ ಮುಗಿಯುತ್ತೆ, ಬಾಡಿಗೆ ಮುಗಿಯಲ್ಲ. 15-20 ವರ್ಷ ಇದೇ ಊರಲ್ಲಿ ಇರ್ತೀವಿ ಅನ್ನೋರಿಗೆ ಸ್ವಂತ ಮನೆ ಹೊಂದುತ್ತೆ. ಐದಾರು ವರ್ಷದಲ್ಲಿ ಮಕ್ಕಳ ಜತೆ ತುಮಕೂರಿಗೋ ಬೆಂಗಳೂರಿಗೋ ಹೋಗೋರಿಗೆ ರಿಜಿಸ್ಟ್ರೇಷನ್ ಖರ್ಚೂ ಹುಟ್ಟೋದು ಕಷ್ಟ.

ಅಪ್ಪನ ಕಾಲದ ಸೈಟ್ ಇದ್ದರೆ ಲೆಕ್ಕವೇ ಬೇರೆ. ಜಾಗದ ದುಡ್ಡು ಉಳಿಯುತ್ತೆ, ಸಾಲ ಕಟ್ಟಡಕ್ಕೆ ಮಾತ್ರ. ಅಂಥವರು ಕಟ್ಟೋದೇ ಮೇಲು. ಆದರೆ ಸೈಟ್ ಪಿತ್ರಾರ್ಜಿತ ಆಗಿದ್ದರೆ ಮೊದಲು ವಿಭಾಗ ಪತ್ರ ಆಗಲಿ. 2005ರ ತಿದ್ದುಪಡಿ ನಂತರ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಅಕ್ಕತಂಗಿಯರ ಸಹಿ ಇಲ್ಲದೆ ಕಟ್ಟಿದ ಮನೆ ನಾಳೆ ಕೋರ್ಟ್ ಮೆಟ್ಟಿಲು ಹತ್ತಬಹುದು.

ಭೋಗ್ಯ: ಅಗ್ಗ ಹೌದು, ಭದ್ರನಾ?

ಭೋಗ್ಯದಲ್ಲಿ ಒಂದೇ ಸಲ ದೊಡ್ಡ ಮೊತ್ತ ಕೊಡ್ತೀರಿ, ತಿಂಗಳ ಬಾಡಿಗೆ ಇಲ್ಲ. ಅವಧಿ ಮುಗಿದ ಮೇಲೆ ಅಸಲು ವಾಪಸ್. 4 ಲಕ್ಷಕ್ಕೆ ಮೂರು ವರ್ಷ ಭೋಗ್ಯ ಅಂದರೆ, ಆ ದುಡ್ಡಿಗೆ ಎಫ್‌ಡಿಯಲ್ಲಿ ಬರುತ್ತಿದ್ದದ್ದು ತಿಂಗಳಿಗೆ ಸುಮಾರು 2,170 ರೂಪಾಯಿ. ಅಷ್ಟಕ್ಕೆ ಮನೆ ಸಿಕ್ಕಂತೆ. ಆದರೆ ಆ 4 ಲಕ್ಷವನ್ನು ಎರಡು ರೂಪಾಯಿ ಬಡ್ಡಿಗೆ ಕೈಸಾಲ ತಂದಿದ್ದರೆ ತಿಂಗಳಿಗೆ 8,000 ಬಡ್ಡಿ. ಬಾಡಿಗೆಯಷ್ಟೇ ಆಯ್ತು, ಮೇಲೆ ಸಾಲದ ಹೊರೆ ಬೇರೆ.

ದೊಡ್ಡ ಅಪಾಯ ಪತ್ರದ್ದು. ಮನೆ ಮಾಲೀಕರು ಸಾಲ ತೀರಿಸೋಕೆ ಅಂತಲೇ ಭೋಗ್ಯಕ್ಕೆ ಕೊಡೋದುಂಟು. ನಿಮ್ಮ ದುಡ್ಡು ಖರ್ಚಾಗಿರುತ್ತೆ, ಮುಂದಿನ ಭೋಗ್ಯದಾರರು ಬಂದರೇನೇ ವಾಪಸ್. ಮನೆ ಮೇಲೆ ಮೊದಲೇ ಬ್ಯಾಂಕ್ ಸಾಲ ಇದ್ದು ಕಂತು ನಿಂತರೆ ಬ್ಯಾಂಕ್ ಹರಾಜಿಗೆ ಬರುತ್ತೆ, ಬ್ಯಾಂಕಿನ ಹಕ್ಕು ನಿಮಗಿಂತ ಮೊದಲು.

ಮನೆ ಸ್ವಾಧೀನ ಕೊಟ್ಟು ಸಾಲ ಪಡೆಯೋದು ಕಾನೂನಿನ ಪ್ರಕಾರ ಅಡಮಾನ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 59ನೇ ಕಲಂ ಪ್ರಕಾರ 100 ರೂಪಾಯಿ ಮೇಲ್ಪಟ್ಟ ಇಂಥ ಅಡಮಾನಕ್ಕೆ ಇಬ್ಬರು ಸಾಕ್ಷಿ ಇರುವ, ನೋಂದಣಿ ಆದ ಪತ್ರ ಬೇಕು. ಆದರೆ ಶುಲ್ಕ ಉಳಿಸೋಕೆ ಎಷ್ಟೋ ಜನ ಬರೀ ಛಾಪಾ ಕಾಗದದ ಮೇಲೆ ಬರೆಸಿ, ನೋಟರಿ ಹಾಕಿಸಿ ಸುಮ್ಮನಾಗ್ತಾರೆ. ನೋಂದಣಿ ಆದರೆ ಭೋಗ್ಯ ಇಸಿಯಲ್ಲಿ ಕಾಣುತ್ತೆ. ಮಾಲೀಕರು ಮನೆ ಮಾರಿದರೂ ಕೊಂಡವರು "ನಮಗೆ ಗೊತ್ತಿರಲಿಲ್ಲ" ಅನ್ನೋ ಹಾಗಿಲ್ಲ.

ಇಸಿ ಕಾವೇರಿ ವೆಬ್‌ಸೈಟ್‌ನಲ್ಲೇ ಸಿಗುತ್ತೆ. ಅದರ ಜತೆಗೆ ಮಾಲೀಕರ ಹತ್ತಿರ ಒರಿಜಿನಲ್ ಕ್ರಯಪತ್ರ ತೋರಿಸಿ ಅನ್ನಿ. ಬರೀ ಜೆರಾಕ್ಸ್ ತೋರಿಸಿದರೆ ಒರಿಜಿನಲ್ ಬ್ಯಾಂಕಲ್ಲಿ ಇರಬಹುದು. ದುಡ್ಡು ಚೆಕ್ ಅಥವಾ ಆನ್‌ಲೈನ್‌ನಲ್ಲೇ ಕೊಡಿ, ಕ್ಯಾಶ್ ಬೇಡ.

ಅಂಗಡಿಯವರಿಗೆ ಒಂದು ಮಾತು

ಸಂಬಳದವರಿಗೆ ಒಂದನೇ ತಾರೀಖು ದುಡ್ಡು ಬರುತ್ತೆ. ವ್ಯಾಪಾರಸ್ಥರಿಗೆ ಹಾಗಿಲ್ಲ. ನಮ್ಮ ಕಡೆ ಕೊಬ್ಬರಿ ರೇಟ್ ಬಿದ್ದರೆ ಬಟ್ಟೆ ಅಂಗಡಿಯಿಂದ ಹಾರ್ಡ್‌ವೇರ್ ಅಂಗಡಿವರೆಗೆ ಎಲ್ಲರ ಗಲ್ಲಾಪೆಟ್ಟಿಗೆ ಖಾಲಿ. 2023ರಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 11,750 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗೆ ಹೋಗಿದ್ದು ಯಾರೂ ಮರೆತಿಲ್ಲ. ಅಂಥ ವರ್ಷದಲ್ಲೂ ಇಎಂಐ ತಾರೀಖು ತಪ್ಪಲ್ಲ.

ಹಾಗಾಗಿ ಇಎಂಐ ಕಟ್ಟೋ ಶಕ್ತಿ ಎಷ್ಟು ಅಂತ ದೀಪಾವಳಿ ತಿಂಗಳ ಲಾಭದಲ್ಲಿ ನೋಡಬೇಡಿ, ಆಷಾಢದ ಲಾಭದಲ್ಲಿ ನೋಡಿ. ಆ ತಿಂಗಳ ಲಾಭದ ಮೂರನೇ ಒಂದು ಭಾಗ ಮೀರದಂತೆ ಕಂತು ಇರಲಿ. ಆರು ತಿಂಗಳ ಕಂತಿನಷ್ಟು ದುಡ್ಡು ಬೇರೆ ಇಟ್ಟಿರಿ. ಕಂತು 90 ದಿನ ಬಾಕಿ ಬಿದ್ದರೆ ಸಾಲ ಎನ್‌ಪಿಎ ಆಗುತ್ತೆ. ಆಮೇಲೆ ಬ್ಯಾಂಕ್ 60 ದಿನದ ನೋಟಿಸ್ ಕೊಟ್ಟು ಮನೆ ವಶಕ್ಕೆ ತೆಗೆದುಕೊಳ್ಳಬಹುದು.

ಅಂಗಡಿ ಬಂಡವಾಳ ತೆಗೆದು ಮನೆಗೆ ಹಾಕೋದು ಇನ್ನೊಂದು ತಪ್ಪು. ಮನೆ ಗೃಹಪ್ರವೇಶ ಆಗುತ್ತೆ, ಅಂಗಡಿಗೆ ಮಾಲು ತರೋಕೆ ಬಡ್ಡಿ ಸಾಲ ಮಾಡಬೇಕಾಗುತ್ತೆ. ಮನೆ ಸಾಲ 8-9 ಪರ್ಸೆಂಟ್, ಕೈಸಾಲ ವರ್ಷಕ್ಕೆ 24 ಪರ್ಸೆಂಟ್. ಇನ್ನೂ ಒಂದು ವಿಷಯ, ಬ್ಯಾಂಕಿನವರು ಸಾಮಾನ್ಯವಾಗಿ ಎರಡು ಮೂರು ವರ್ಷದ ಐಟಿ ರಿಟರ್ನ್ಸ್ ಕೇಳ್ತಾರೆ. ಮನೆ ಆಸೆ ಇದ್ದರೆ ಈ ವರ್ಷದಿಂದಲೇ ಫೈಲ್ ಮಾಡಿ.

ಕೊಳ್ಳೋದೇ ಆದರೆ ಈ ಪತ್ರ ನೋಡಿ

- ಪಟ್ಟಣದಲ್ಲಿ ಇ-ಖಾತೆ, ಪಂಚಾಯ್ತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ಫಾರಂ 9 ಮತ್ತು 11. ಬಿ ಖಾತೆ, ರೆವಿನ್ಯೂ ಸೈಟ್ ಅಗ್ಗಕ್ಕೆ ಸಿಗುತ್ತೆ, ಆದರೆ ಬ್ಯಾಂಕ್ ಸಾಲಕ್ಕೂ, ಮುಂದೆ ಮಾರೋಕೂ ತೊಡಕು.
- ಬಡಾವಣೆಗೆ ಭೂಪರಿವರ್ತನೆ ಆದೇಶ, ಅನುಮೋದನೆ ಆದ ನಕ್ಷೆ.
- ಇಸಿ, ಹಿಂದಿನ ಎಲ್ಲ ಕ್ರಯಪತ್ರ, ಕಂದಾಯ ರಸೀದಿ.

ವರ್ಷಕ್ಕೆ 9 ಲಕ್ಷದೊಳಗೆ ಆದಾಯ ಇದ್ದು ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇಲ್ಲದ ನಗರವಾಸಿ ಕುಟುಂಬಗಳಿಗೆ ಪ್ರಧಾನ ಮಂತ್ರಿ ಆವಾಸ್ ನಗರ 2.0 ಯೋಜನೆಯ ಬಡ್ಡಿ ಸಬ್ಸಿಡಿ ಇದೆ. ಮನೆ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಿರಬಾರದು. ಐದು ವಾರ್ಷಿಕ ಕಂತಿನಲ್ಲಿ 1.80 ಲಕ್ಷದವರೆಗೆ ಸಿಗುತ್ತೆ. ಸಾಲಕ್ಕೆ ಅರ್ಜಿ ಹಾಕುವಾಗಲೇ ಬ್ಯಾಂಕಲ್ಲಿ ಕೇಳಿ.

ಯಾರಿಗೆ ಯಾವುದು?

- ಐದಾರು ವರ್ಷದಲ್ಲಿ ಊರು ಬಿಡೋರು, ಹೊಸದಾಗಿ ಅಂಗಡಿ ಇಟ್ಟೋರು: ಬಾಡಿಗೆ. ಉಳಿದ ದುಡ್ಡು ಪ್ರತಿ ತಿಂಗಳು ಆರ್‌ಡಿ ಕಟ್ಟಿದರೆ ಮಾತ್ರ ಬಾಡಿಗೆ ಲಾಭ.
- ಸ್ವಂತ ಉಳಿತಾಯ ಇದ್ದು, ಮಾಲೀಕರು ನೋಂದಣಿಗೆ ಒಪ್ಪಿದರೆ: ಭೋಗ್ಯ. ಒಪ್ಪದಿದ್ದರೆ ಬೇಡ.
- ಸೈಟ್ ಇರೋರು, ಅಥವಾ ಮೂರನೇ ಒಂದು ಭಾಗ ದುಡ್ಡು ಕೈಲಿದ್ದು 15 ವರ್ಷಕ್ಕೂ ಹೆಚ್ಚು ಇಲ್ಲೇ ಇರೋರು: ಸ್ವಂತ ಮನೆ.

ಯಾವುದೇ ಆಗಲಿ, ಟೋಕನ್ ಅಡ್ವಾನ್ಸ್ ಕೊಡೋ ಮುಂಚೆ ಪತ್ರಗಳನ್ನು ಒಬ್ಬ ವಕೀಲರಿಗೆ ತೋರಿಸಿ. ಬ್ರೋಕರ್ "ಇವತ್ತೇ ಕೊಡಿ, ನಾಳೆ ಬೇರೆಯವರು ಬರ್ತಾರೆ" ಅಂದರೂ ಎರಡು ದಿನ ಟೈಂ ಕೇಳಿ.