ಚಕ್ರದ ಗುರುತು, ಗಂಡಿಪೇಟೆಯ ನೀರು

ಹೈದರಾಬಾದಿಗೆ ಬಂದು ಹದಿನಾರು ವರ್ಷವಾಯಿತು. ವಾರವಿಡೀ ಆಫೀಸು, ಶನಿವಾರ ಬಂತೆಂದರೆ ಊರು ಬಿಟ್ಟು ಓಡುವ ಚಪಲ. 2019ರ ಮಳೆಗಾಲದಲ್ಲಿ ಟೀಮಿನವರೆಲ್ಲ ಸೇರಿ ಎರಡು ಜೀಪುಗಳಲ್ಲಿ ವಿಕಾರಾಬಾದಿನ ಅನಂತಗಿರಿ ಗುಡ್ಡಕ್ಕೆ ಹೋದೆವು. ಡಾಂಬರು ರಸ್ತೆ ಬಿಟ್ಟು ಹುಲ್ಲಿನ ಇಳಿಜಾರಿಗೆ ಗಾಡಿ ಇಳಿಸಿದ್ದು ನಾನೇ. ಕೆಸರು ಚಿಮ್ಮಿತು, ವಿಡಿಯೊ ಆಯಿತು, ನಕ್ಕೆವು. ಒಟ್ಟು ಇಪ್ಪತ್ತು ನಿಮಿಷ.

ಮೂರು ಮಳೆಗಾಲ ಕಳೆದು ಮಗಳೊಂದಿಗೆ ಅಲ್ಲಿಗೇ ಹೋದೆ. ನಮ್ಮ ಗುರುತು ಹಿಡಿದು ಇನ್ನೆಷ್ಟೋ ಗಾಡಿಗಳು ಇಳಿದಿದ್ದವು. "ಅಪ್ಪಾ, ಇಲ್ಲಿ ಕಾಲುವೆ ಯಾಕೆ ತೋಡಿದಾರೆ?" ಎಂದಳು. ಅದು ಕಾಲುವೆಯಲ್ಲ, ಮೊಣಕಾಲುದ್ದದ ಕೊರಕಲು. ನಾನು ಉತ್ತರ ಕೊಡಲಿಲ್ಲ.

ಚಕ್ರ ಹರಿದಲ್ಲಿ ಮಣ್ಣು ಗಟ್ಟಿಯಾಗುತ್ತದೆ, ನೀರು ಇಂಗುವುದಿಲ್ಲ. ಇಂಗದ ನೀರು ಅದೇ ಜಾಡಿನಲ್ಲಿ ಓಡುತ್ತದೆ, ಓಡುವಾಗ ಮಣ್ಣನ್ನೂ ಎಳೆದೊಯ್ಯುತ್ತದೆ. ಎಲ್ಲಿಗೆ? ಅನಂತಗಿರಿ ಮೂಸಿ ನದಿಯ ಹುಟ್ಟೂರು. ಇಲ್ಲಿಂದ ಇಳಿದ ನೀರು ಗಂಡಿಪೇಟೆಯ ಉಸ್ಮಾನ್ ಸಾಗರ ಸೇರುತ್ತದೆ.

ಆ ಕೆರೆಯ ಹಿಂದೆ ನಮ್ಮವರೊಬ್ಬರ ಕಥೆಯಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಹೈದರಾಬಾದನ್ನು ಕೊಚ್ಚಿಹಾಕಿತು. ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮರ ಸರ್ಕಾರದ ಕರೆಗೆ ಬಂದವರು ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯ. ಅವರು ಊರೊಳಗಿನ ನದಿಯನ್ನಷ್ಟೇ ನೋಡಲಿಲ್ಲ, ಮೇಲಿನ ಜಲಾನಯನವನ್ನೆಲ್ಲ ಲೆಕ್ಕ ಹಾಕಿದರು. ಅಲ್ಲಿನ 788 ಕೆರೆಗಳಲ್ಲಿ 221 ಒಡೆದಿದ್ದವು. ನೀರನ್ನು ಊರಿಗೆ ಬರುವ ಮುನ್ನವೇ ತಡೆಯಬೇಕು ಎಂಬುದು ಅವರ ಸಲಹೆ. ಅದರ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಎದ್ದು ನಿಂತವು. ಕನ್ನಡದ ಒಬ್ಬ ಎಂಜಿನಿಯರ್ ಈ ಊರನ್ನು ಕಾಯುವ ಕೆರೆಗೆ ನಕ್ಷೆ ಹಾಕಿದರು. ನೂರು ವರ್ಷದ ಮೇಲೆ ಇನ್ನೊಬ್ಬ ಅದರೊಳಗೆ ಹೂಳು ಕಳಿಸಿದ. ಆ ಇನ್ನೊಬ್ಬ ನಾನು.

ಇದು ನನ್ನೊಬ್ಬನ ಚಟವಲ್ಲ. 2023ರ ಆಗಸ್ಟಿನಲ್ಲಿ ಅನಂತಗಿರಿಯಲ್ಲಿ ನಡೆದ ಕಾರಿನ ಓಟದ ವಿಡಿಯೊ ಹರಿದಾಡಿ, ಪೊಲೀಸರು ಕೇಸು ಹಾಕಿದರು. ಕೇಸು ಹಾಕಬಹುದು, ಆದರೆ ಗುರುತು ಅಳಿಸುವವರು ಯಾರು?

ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಈ ಪ್ರಶ್ನೆ ಹಳೆಯದು. 1942ರಲ್ಲಿ ಜನರಲ್ ಪ್ಯಾಟನ್ ತನ್ನ ಟ್ಯಾಂಕುಗಳಿಗೆ ಅಲ್ಲಿ ತರಬೇತಿ ಕೊಟ್ಟ. ಆ ಗುರುತುಗಳು ಇಂದಿಗೂ ಕಾಣುತ್ತವೆ. ಆಮೇಲೆ ಮೋಜಿನ ಬೈಕು, ಜೀಪುಗಳು ಬಂದವು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಸರ್ಕಾರಿ ಭೂಮಿಯಲ್ಲಿ ಇಂಥ ವಾಹನಗಳಿಗೆ ಕಟ್ಟುಪಾಡು ವಿಧಿಸಿ ಆದೇಶ ಹೊರಡಿಸಿದರು. ಆದೇಶದಿಂದ ನೆಲ ತಾನಾಗಿ ವಾಸಿಯಾಗಲಿಲ್ಲ. ಅಲ್ಲಿನ ಸ್ವಯಂಸೇವಕರು ಗಟ್ಟಿಯಾದ ಜಾಡನ್ನು ಗುದ್ದಲಿಯಿಂದ ಸಡಿಲಿಸುತ್ತಾರೆ. ಒಣಗಿದ ಕೊಂಬೆಗಳನ್ನು ಗಿಡದಂತೆ ನೆಟ್ಟಗೆ ಹೂಳುತ್ತಾರೆ. ಹಾರಿಬಂದ ಬೀಜ, ಮಣ್ಣು ಅದರ ಬುಡದಲ್ಲಿ ನಿಲ್ಲುತ್ತವೆ. ಅದಕ್ಕಿಂತ ಮುಖ್ಯವಾಗಿ, ದೂರದಿಂದ ನೋಡಿದವನಿಗೆ ಅಲ್ಲಿ ದಾರಿಯೇ ಕಾಣುವುದಿಲ್ಲ. ದಾರಿ ಕಾಣದಿದ್ದರೆ ಮುಂದಿನ ಗಾಡಿ ಇಳಿಯುವುದಿಲ್ಲ.

ಓದಿದಾಗ ನನಗೆ ತಟ್ಟಿದ್ದು ಇದೇ. ನಾನು ಮಾಡಿದ ದೊಡ್ಡ ಹಾನಿ ಹುಲ್ಲು ತುಳಿದದ್ದಲ್ಲ, ಹಿಂದೆ ಬರುವವರಿಗೆ ದಾರಿ ತೋರಿಸಿದ್ದು. ವಿಡಿಯೊ ಹಂಚಿದಾಗ ಆ ದಾರಿ ಇನ್ನಷ್ಟು ಉದ್ದವಾಯಿತು.

ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಅವರು ಬೈಯಲಿಲ್ಲ. "ಕೊರಕಲನ್ನ ಕೆಳಗಿನಿಂದ ತುಂಬೋಕೆ ಹೋಗಬೇಡ. ಮೇಲಿನಿಂದ ಅಡ್ಡ ಕಲ್ಲಿಡ್ತಾ ಬಾ, ಓಡೋ ನೀರು ನಡೆಯೋ ಹಾಗೆ ಮಾಡು" ಎಂದರು. ಹೊಲದ ಬದು ಕಟ್ಟಿದ ಕೈಗೆ ಮೊಹಾವಿಯ ಪಾಠ ಬೇಕಿರಲಿಲ್ಲ.

ಕಾಡಿನ ನೆಲ, ಅನುಮತಿಯಿಲ್ಲದೆ ಗುದ್ದಲಿ ಹಿಡಿಯುವಂತಿಲ್ಲ. ಅರ್ಜಿ ಬರೆದು ಕೊಟ್ಟಿದ್ದೇನೆ. ಅಂದು ಜೊತೆಗಿದ್ದವರಲ್ಲಿ ಇಬ್ಬರು ಸಹಿ ಹಾಕಿದ್ದಾರೆ. ಹಳೆಯ ವಿಡಿಯೊ ಅಳಿಸಿದ್ದಾಯಿತು, ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಮಗಳ ಪ್ರಶ್ನೆಗೂ ಉತ್ತರ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಕಲ್ಲಿಡೋಕೆ ನಾನೂ ಬರ್ತೀನಿ" ಎಂದಳು.